ಉಡಿ ತುಂಬಲು ಕೊಟ್ಟ ವಿಳಾಸ

ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ನನ್ನ ತಂಗಿ ಮೆಲ್ಬರ್ನಿನಲ್ಲಿ, ಅಮೆರಿಕದ ಕಪ್ಪು ಹೆಣ್ಣುಮಕ್ಕಳ ಕಾದಂಬರಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಸಿಡ್ನಿಯ ಗಿರಾವೀನ್‌ನಲ್ಲಿ ನಾನು ರೊಟ್ಟಿ ಬಡಿಯುವಾಗ ಫೋನಿನಲ್ಲಿ ಆ ಕಥೆಗಳನ್ನು ಹೇಳುತ್ತಿದ್ದಳು.

ಒಂದು ಕಥೆಯಲ್ಲಿ, ಹೊಡೆಯುವ ಗಂಡನನ್ನು ಬಿಟ್ಟು ಬಂದವಳನ್ನು ಅವಳ ಅಕ್ಕ ಬಚ್ಚಿಡುತ್ತಾಳೆ. ಗಂಡ ಹುಡುಕಿಕೊಂಡು ಬಂದರೆ ಓಣಿಯ ಯಾವ ಹೆಂಗಸೂ ಬಾಯಿ ಬಿಡುವುದಿಲ್ಲ. ತಪ್ಪದೆ ಚರ್ಚಿಗೆ ಹೋಗುವ ಮುದುಕಿ ಕೂಡ ಸುಳ್ಳು ಹೇಳುತ್ತಾಳೆ.

“ದೇವರ ಹೆಸರು ಹೇಳಾಕಿ ಸುಳ್ಳು ಹೇಳಬಹುದೇನ?” ಎಂದೆ.

“ಜೀವ ಉಳಿಸೋ ಸುಳ್ಳು ಅಕ್ಕಾ. ಅವರ ಧರ್ಮಾನ ಅದು. ನಿನ್ನ ರೊಟ್ಟಿ ಸೀದೀತು, ನೋಡು.”

ಆ ಕಥೆಯನ್ನೇ ಯಾಕೆ ಹೇಳಿದಳೆಂದು ನನಗೆ ಗೊತ್ತಿತ್ತು. ಅವಳ ಗಂಡ ಇಲ್ಲೇ ಸಿಡ್ನಿಯ ನಾರ್ವೆಸ್ಟ್‌ನಲ್ಲಿ ದೊಡ್ಡ ಕೆಲಸದಲ್ಲಿದ್ದ. ಅವನ ಪೆಟ್ಟು ತಾಳಲಾರದೆ ಸಿಡ್ನಿ ಬಿಟ್ಟವಳು, ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಹುಡುಗಿಯರ ಜೊತೆ ಒಂದು ಮನೆ ಹಂಚಿಕೊಂಡಿದ್ದಳು. ಆ ವಿಳಾಸ ನಮ್ಮವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಶ್ರಾವಣದಲ್ಲಿ ಅವಳ ಅತ್ತೆ ಹುಬ್ಬಳ್ಳಿಯಿಂದ ಮಗನ ಮನೆಗೆ ಬಂದರು. ನಮ್ಮಲ್ಲಿಗೂ ಬಂದು ಕಣ್ಣೀರು ಹಾಕಿದರು.

“ಮಗನ ಪರವಾಗಿ ಬಂದಿಲ್ಲವಾ ನಾ. ಸೊಸಿಗೆ ಉಡಿ ತುಂಬಲಾರದ ಹೆಂಗ ಊರಿಗೆ ಹೋಗಲಿ? ನಾ ಒಬ್ಬಾಕೇನ ಹೋಗ್ತೀನಿ.”

ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ, ಎಲ್ಲವನ್ನೂ ಚೀಲದಿಂದ ತೆಗೆದು ತೋರಿಸಿದರು. ಮುತ್ತೈದೆಯ ಉಡಿಗೆ ಅಡ್ಡ ಬಂದರೆ ತಂಗಿಗೇ ಕೇಡೆಂದು ಹೆದರಿದೆ. ವಿಳಾಸ ಹೇಳಿಬಿಟ್ಟೆ.

ಎರಡು ದಿನದ ಮೇಲೆ ತಂಗಿಯ ಫೋನು ಬಂತು.

“ಅಕ್ಕಾ, ಅತ್ತಿ ಹಿಂದ ಅಂವನೂ ಬಂದಾನ. ಬಾತ್‌ರೂಮ್ ಲಾಕ್ ಮಾಡ್ಕೊಂಡು ಕುಂತೇನಿ. ನೀನ ಹೇಳಿದಿ?”

ಹೌದೆನ್ನುವಷ್ಟರಲ್ಲಿ ಫೋನಿಟ್ಟಳು. ಜೊತೆಯ ಹುಡುಗಿಯರು ಪೊಲೀಸರನ್ನು ಕರೆದ ಮೇಲೆ ತಾಯಿ ಮಗ ಹೊರಟುಹೋದರಂತೆ.

“ಒಬ್ಬಾಕೇನ ಹೋಗ್ತೀನಿ ಅಂದಿದ್ರಿ!” ಎಂದು ಆ ಅತ್ತೆಗೆ ಫೋನಿನಲ್ಲಿ ಚೀರಿದೆ.

“ಗೊತ್ತಿಲ್ಲದ ಊರಾಗ ಮಗನ್ನ ಬಿಟ್ಟು ಹೆಂಗ ಹೋಗಲಿ ಯವ್ವಾ?” ಎಂದರು, ತಣ್ಣಗೆ.

ಆ ಮುದುಕಿ ನನಗೆ ಮೋಸ ಮಾಡಿದಳು ಎಂದು ಸಿಕ್ಕವರ ಮುಂದೆಲ್ಲ ಗೋಳಾಡಿದೆ. ತಂಗಿಗೆ ಮೋಸ ಮಾಡಿದವಳು ನಾನು ಎಂದು ಮಾತ್ರ ಯಾರಿಗೂ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ತಂಗಿ ಮನೆ ಬದಲಿಸಿದಳು. ಹೋದ ವಾರ ನಾನೇ ಮೆಲ್ಬರ್ನಿಗೆ ಹೋದಾಗ ಯಾವುದೋ ಆಸ್ಪತ್ರೆಯ ಎದುರಿನ ಬಸ್ ಸ್ಟಾಪಿಗೆ ಬಾ ಎಂದಳು. ಕಾಫಿ ಕೊಡಿಸಿದಳು, ಮಕ್ಕಳ ಬಗ್ಗೆ ಕೇಳಿದಳು.

“ಈಗ ಮನಿ ಎಲ್ಲಿ ಮಾಡೀಯವಾ?”

“ಬಸ್ ಬಂತು. ಹತ್ತು ಅಕ್ಕಾ.”

ಕಿಟಕಿಯಿಂದ ತಿರುಗಿ ನೋಡಿದೆ. ಬಸ್ಸು ತಿರುವು ದಾಟುವವರೆಗೂ ಅವಳು ನಿಂತಲ್ಲಿಂದ ಕದಲಲಿಲ್ಲ. ತಾನು ಹೊರಡುವ ದಿಕ್ಕು ನನ್ನ ಕಣ್ಣಿಗೆ ಬೀಳುವುದು ಅವಳಿಗೆ ಬೇಡವಾಗಿತ್ತು.