ಒಂದು ಉಂಗುರ ಕಡಿಮೆ

ಸಿನಿಮಾ ಮುಗಿದು ಜನ ಬಾಗಿಲ ಕಡೆ ನುಗ್ಗುವಾಗ ಪರದೆಯ ಮೇಲೆ ಸಾಲಾಗಿ ಹೆಸರುಗಳು ಹೋಗುತ್ತವಲ್ಲ, ಅವನ್ನು ಕೂರಿಸುವವನು ನಾನು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಯಾರ ಹೆಸರು ಒಂಟಿಯಾಗಿ ಬರಬೇಕು, ಯಾರದು ನಾಲ್ಕು ಜನರ ನಡುವೆ, ಎಷ್ಟು ಸೆಕೆಂಡು, ಅಕ್ಷರ ಎಷ್ಟು ದಪ್ಪ, ಇದಕ್ಕೆಲ್ಲ ನಡೆಯುವ ಜಗಳ ನೋಡಿ ನೋಡಿ ನನಗೆ ದೊಡ್ಡವರೆಂದರೆ ಇದ್ದ ಗೌರವ ಪೂರ್ತಿ ಇಳಿದುಹೋಗಿದೆ. ನಿರ್ದೇಶಕನೊಬ್ಬ ತನ್ನ ಹೆಸರು ಅರ್ಧ ಸೆಕೆಂಡು ಕಡಿಮೆ ನಿಂತಿತೆಂದು ನನ್ನ ಕುರ್ಚಿಗೆ ಒದ್ದಿದ್ದಾನೆ. ಅದೇ ಸಿನಿಮಾದಲ್ಲಿ ಲೈಟ್ ಹಿಡಿದವನ ಹೆಸರು ಬಿಟ್ಟುಹೋದಾಗ, "ಹೋಗ್ಲಿ ಬಿಡಯ್ಯ, ಯಾರು ಓದ್ತಾರೆ" ಅಂದ. ಹಾಗಾಗಿ ನಾನು ಈಗ ಹೇಳುವುದು ಸಿಟ್ಟಿನ ಮಾತೇ. ಸಮಾಧಾನವಾಗಿ ಹೇಳೋಣವೆಂದು ಎರಡು ಸಲ ಕೂತೆ, ಆಗಲಿಲ್ಲ.

ವಿಷಯ ನಮ್ಮಕ್ಕನದು. ಮೀನಿನ ಸಂಶೋಧನಾಲಯದಲ್ಲಿ ಅವಳು ಮೂವತ್ತೊಂದು ವರ್ಷ ಸಹಾಯಕಿಯಾಗಿದ್ದಳು. ಮೀನಿನ ತಲೆಯೊಳಗೆ ಅಕ್ಕಿಕಾಳಿನಷ್ಟು ದೊಡ್ಡ ಕಲ್ಲೊಂದು ಇರುತ್ತದೆ, ಕಿವಿಕಲ್ಲು. ಮರದ ಕಾಂಡದಲ್ಲಿ ಇರುವ ಹಾಗೆ ಅದರಲ್ಲೂ ವರ್ಷಕ್ಕೊಂದು ಉಂಗುರ ಬೀಳುತ್ತದೆ. ಅಕ್ಕ ಚಿಮಟದಿಂದ ಆ ಕಲ್ಲನ್ನು ತೆಗೆದು, ತೊಳೆದು, ಅಂಟಿನಲ್ಲಿ ಕೂರಿಸಿ, ಒದ್ದೆ ಉಪ್ಪುಕಾಗದದ ಮೇಲೆ ಬೆರಳ ತುದಿಯಿಂದ ಉಜ್ಜುತ್ತಿದ್ದಳು. ಒಂದು ಉಜ್ಜು ಹೆಚ್ಚಾದರೆ ಕಲ್ಲಿನ ನಡುಭಾಗವೇ ಹೋಯಿತು, ಕಡಿಮೆಯಾದರೆ ಉಂಗುರ ಕಾಣುವುದಿಲ್ಲ. ಆಮೇಲೆ ಅದನ್ನು ಗಾಜಿನ ಪಟ್ಟಿಗೆ ಅಂಟಿಸಿ ಮೈಕ್ರೋಸ್ಕೋಪಿನ ಕೆಳಗಿಟ್ಟು ಎಣಿಸುವುದು. ಉಜ್ಜಿ ಉಜ್ಜಿ ಬಲಗೈ ತೋರುಬೆರಳಿನ ಗೆರೆಗಳೇ ಅಳಿಸಿಹೋಗಿ, ಹಾಜರಿ ಹಾಕುವ ಯಂತ್ರ ಅವಳನ್ನು ಗುರುತಿಸುತ್ತಿರಲಿಲ್ಲ. ದಿನಾ ಎಡಗೈ ಬೆರಳು ಒತ್ತಿ ಒಳಗೆ ಹೋಗುತ್ತಿದ್ದಳು.

"ಕಂಡ ಮೀನಿಗೆಲ್ಲ ವಯಸ್ಸು ಹೇಳ್ತಾಳೆ, ತನ್ನದು ಕೇಳಿದ್ರೆ ಮಾತ್ರ ಮಾತು ತೇಲಿಸ್ತಾಳೆ" ಎಂಬುದು ನಮ್ಮ ಭಾವ ಮದುವೆಯಾದಾಗಿನಿಂದ ಹೇಳಿಕೊಂಡು ಬಂದ ಒಂದೇ ಜೋಕು.

ಅವಳ ಎಣಿಕೆಗೆ ಒಂದು ಪದ್ಧತಿಯಿತ್ತು. ಕಲ್ಲಿನ ನಡುವೆ ಎಲ್ಲಕ್ಕಿಂತ ಮೊದಲು ಕಾಣುವ ಉಂಗುರ ವರ್ಷದ್ದಲ್ಲ, ಮರಿಮೀನು ಆಹಾರ ಬದಲಿಸಿದಾಗ ಬೀಳುವ ಗೆರೆ ಅದು. ಅಕ್ಕ ಅದನ್ನು ಸುಳ್ಳುಂಗುರ ಅನ್ನುತ್ತಿದ್ದಳು. ಅದನ್ನು ಬಿಟ್ಟೇ ಎಣಿಸಿ ಪುಸ್ತಕದಲ್ಲಿ ಬರೆಯುವಳು. ಅವಳು ಬರೆದ ಅಂಕಿಯೇ ಮೀನಿನ ವಯಸ್ಸು, ಅದಕ್ಕೆ ಏನೂ ಕೂಡಿಸಬೇಕಿಲ್ಲ, ಕಳೆಯಬೇಕಿಲ್ಲ. ಅಲ್ಲಿನ ಸಹಾಯಕರಿಗೆಲ್ಲ ಇದು ಗೊತ್ತಿತ್ತು. ಗೊತ್ತಿಲ್ಲದವರು ಒಬ್ಬರೇ, ಅವಳ ಪ್ರೊಫೆಸರು.

ಪ್ರೊಫೆಸರಿಗೆ ಸಹಾಯಕರು ಬೆನ್ನ ಹಿಂದೆ ಇಟ್ಟಿದ್ದ ಹೆಸರು 'ಮೊದಲನೆಯವರು'. ಆ ವಿಭಾಗದಿಂದ ಯಾವ ಪ್ರಬಂಧ ಹೊರಬಿದ್ದರೂ ಅವರದೇ ಮೊದಲ ಹೆಸರು. ಅಕ್ಕನ ಎಣಿಕೆಯ ಮೇಲೆ ನಿಂತ ಪ್ರಬಂಧಗಳು ನಲವತ್ತಾರು. ಯಾವ ಪ್ರಬಂಧವನ್ನು ಎಷ್ಟು ಜನ ಉಲ್ಲೇಖಿಸಿದರೆಂದು ಕೂಡಿಸಿ ಒಂದು ಅಂಕಿ ಮಾಡುತ್ತಾರಂತೆ. ಅದನ್ನು ಅವರು ಬಾಗಿಲ ಮೇಲಿನ ಹಲಗೆಯಲ್ಲಿ ಹೆಸರಿನ ಕೆಳಗೇ ಬರೆಸಿಕೊಂಡಿದ್ದರು. ತೂಕದ ಯಂತ್ರದ ಮೇಲೆ ನಿಂತು ಚೀಟಿ ತೆಗೆದುಕೊಂಡವನೂ ಅದನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ, ಹಣೆಗೆ ಅಂಟಿಸಿಕೊಳ್ಳುವುದಿಲ್ಲ.

ಹದಿನೈದು ವರ್ಷದ ಹಿಂದೆ ಅಕ್ಕ ಧೈರ್ಯ ಮಾಡಿ ಕೇಳಿದ್ದಳು. "ಸಾರ್, ಒಂದ್ಸಲ ನನ್ನ ಹೆಸರೂ ಹಾಕಬಹುದಾ?"

"ನೋಡೀಮ್ಮ, ಎಣಿಸೋದು ಬೇರೆ, ಸಂಶೋಧನೆ ಬೇರೆ. ಮೈಕ್ರೋಸ್ಕೋಪಿನ ಹೆಸರು ಹಾಕ್ತೀವಾ?"

ಅವಳು ತನ್ನ ಮೇಜಿಗೆ ವಾಪಸ್ ಬಂದಳು. ಆಮೇಲೆ ಪ್ರಬಂಧ ತೆಗೆದು ನೋಡಿದರೆ ಮೈಕ್ರೋಸ್ಕೋಪಿನ ಹೆಸರಿತ್ತು! ಯಾವ ಕಂಪನಿಯದು, ಯಾವ ಮಾದರಿ, ಎಲ್ಲ ಎರಡನೇ ಪುಟದಲ್ಲೇ. ಅದನ್ನು ನನಗೆ ತೋರಿಸಿ ನಕ್ಕಳು. ನನಗೆ ನಗು ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು.

ಅವಳ ನಿವೃತ್ತಿಗೆ ಒಂದು ವರ್ಷವಿದ್ದಾಗ ದೊಡ್ಡದೊಂದು ಪ್ರಬಂಧ ತಯಾರಾಯಿತು. ಹನ್ನೆರಡು ಸಾವಿರ ಕಲ್ಲು, ಏಳು ವರ್ಷದ ಎಣಿಕೆ. "ಈ ಸಲ ನಿಮ್ಮ ಹೆಸರು ಗ್ಯಾರಂಟಿ" ಎಂದು ಮೊದಲನೆಯವರು ತಾವಾಗಿಯೇ ಅಂದಿದ್ದರು. ಅಕ್ಕ ಅದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ನನಗೊಬ್ಬನಿಗೆ ಹೇಳಿದಳು. ಈಗ ಪತ್ರಿಕೆಗಳು ಯಾರು ಏನು ಮಾಡಿದರೆಂದು ಒಂದು ಪಟ್ಟಿ ಕೇಳುತ್ತವೆ. ಯೋಚನೆ ಯಾರದು, ಎಣಿಕೆ ಯಾರದು, ಲೆಕ್ಕ ಯಾರದು, ಬರವಣಿಗೆ ಯಾರದು. ಪ್ರಬಂಧ ಬಂತು. ಆ ಪಟ್ಟಿಯ ಎಲ್ಲ ಮನೆಗಳಲ್ಲೂ ಮೊದಲನೆಯವರೇ ಕೂತಿದ್ದರು. ಮಾರ್ಗದರ್ಶನ ಅನ್ನುವ ಮನೆಯಲ್ಲಿ, ಮೀನನ್ನು ತಟ್ಟೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಾಣದ ಸಂಶೋಧನಾಲಯದ ನಿರ್ದೇಶಕರಿದ್ದರು. ಅಕ್ಕ ಇರಲಿಲ್ಲ.

"ಕೊನೇ ಗಳಿಗೇಲಿ ಜಾಗ ಸಾಲಲಿಲ್ಲಮ್ಮ" ಅಂದರಂತೆ. ಒಂದು ಹೆಸರಿಗೆ ಎಷ್ಟು ಜಾಗ ಬೇಕೆಂದು ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ.

ಅದೇ ಹೊತ್ತಿಗೆ ಸಂಶೋಧನಾಲಯಕ್ಕೆ ಐವತ್ತು ವರ್ಷ ತುಂಬಿತೆಂದು ಒಂದು ಚಿತ್ರ ತೆಗೆಸಿದರು. ತೆಗೆದವರು ನನ್ನ ಪರಿಚಯದವರೇ, ಹೆಸರು ಕೂರಿಸುವ ಕೆಲಸ ನನಗೆ ಬಂತು. ಅದರಲ್ಲಿ ಮೊದಲನೆಯವರು ಕ್ಯಾಮೆರಾ ಕಡೆ ನೋಡುತ್ತ ಹೇಳುತ್ತಾರೆ: "ಹನ್ನೆರಡು ಸಾವಿರ ಕಲ್ಲು. ಒಂದೊಂದನ್ನೂ ನಾನೇ ಎಣಿಸಿದೆ. ಬೇರೆಯವರ ಕಣ್ಣನ್ನು ನಾನು ನಂಬೋದಿಲ್ಲ." ಆ ಮಾತು ಕೇಳಿಸುವಾಗ ಪರದೆಯ ಮೇಲೆ ಎರಡು ಕೈ ಕಾಣುತ್ತವೆ, ಒಂದು ಚಿಮಟ ಹಿಡಿದದ್ದು, ಇನ್ನೊಂದು ಗಾಜಿನ ಪಟ್ಟಿ ಜೋಡಿಸುತ್ತಿರುವುದು. ಅಕ್ಕನ ಕೈ. ಬಲಗೈ ತೋರುಬೆರಳು ನೋಡಿದರೆ ನಾನು ನಿದ್ದೆಯಲ್ಲೂ ಗುರುತಿಸುತ್ತೇನೆ.

ಚಿತ್ರ ಮುಗಿಯುವ ಮುಂಚೆಯೇ ಪ್ರಬಂಧದ ಗುಟ್ಟು ಒಡೆಯಿತು. ಬೇರೆ ಕಡಲತೀರದ ಸಂಶೋಧಕರು ಬರೆದರು: ನಿಮ್ಮ ಮೀನುಗಳಿಗೆಲ್ಲ ವಯಸ್ಸು ಒಂದು ವರ್ಷ ಕಡಿಮೆ ಬಂದಿದೆ, ಒಂದೂ ತಪ್ಪದೆ. ವಿಚಾರಣೆಗೆ ಸಮಿತಿ ಕೂತಿತು. ಯಾರು ಏನು ಮಾಡಿದರೆಂದು ಮೊದಲನೆಯವರು ಹೊಸ ಪಟ್ಟಿ ಮಾಡಿಕೊಟ್ಟರು. ಅಕ್ಕ ಅದರ ಪ್ರತಿಯನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಓದು" ಅಂದಳು.

ದೋಷವು ಎಣಿಕೆಯ ಹಂತದಲ್ಲಿ ಉಂಟಾಗಿದೆ, ಎಂದಿತ್ತು. ಅದರ ಕೆಳಗೆ, ಎಣಿಕೆ: ಎಂದು ಬರೆದು ಅಕ್ಕನ ಹೆಸರು. ಬೇರೆ ಯಾರದೂ ಇಲ್ಲ.

"ಒಂದಕ್ಷರ ತಪ್ಪಿಲ್ಲ ನೋಡು" ಅಂದಳು ಅಕ್ಕ. "ಇನಿಷಿಯಲ್ಲು ಸಮೇತ ಹಾಕಿದ್ದಾರೆ. ಇಷ್ಟು ವರ್ಷ ಗೊತ್ತಿತ್ತು ಅಂತಾಯ್ತು."

ನಾನು ಬಾಯಿಗೆ ಬಂದ ಹಾಗೆ ಬೈದೆ. ಅವನು, ಇವನು, ಎಲ್ಲ ಅಂದೆ. ಹೊಗಳಿಕೆ ಬರುವವರೆಗೂ ನಾನೇ ನಾನೇ, ತಪ್ಪು ಬಂದ ಕೂಡಲೇ ಹೆಣ್ಣೊಬ್ಬಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ಜಾತಿಗೆ ನನ್ನ ಕೆಲಸದಲ್ಲಿ ನಾವು ಇಟ್ಟಿರುವ ಹೆಸರನ್ನು ಇಲ್ಲಿ ಬರೆಯುವ ಹಾಗಿಲ್ಲ. ಆಮೇಲೆ ಚಿತ್ರದ ನೆನಪಾಯಿತು. ಕಂಪ್ಯೂಟರಿನಲ್ಲಿ ಆ ಭಾಗ ತೆಗೆದು ತೋರಿಸಿದೆ.

"ಅಕ್ಕಾ, ಸಾಕು. ಇದನ್ನ ಸಮಿತಿ ಮುಂದೆ ಹಾಕಿಬಿಟ್ರೆ ಮುಗೀತು ಅವರ ಕಥೆ. ಎಣಿಸಿದ್ದೆಲ್ಲ ನಾನೇ ಅಂತ ಅವರ ಬಾಯಿಂದಲೇ ಬಂದಿದೆ. ತಪ್ಪೂ ಅವರದೇ ಆಗುತ್ತೆ."

ಅಕ್ಕ ಎರಡು ಸಲ ನೋಡಿದಳು. ಮೂರನೇ ಸಲ ನಿಲ್ಲಿಸು ಅಂದಳು.

"ಇದನ್ನ ಹಾಕಿದ್ರೆ ನಾನು ಎಣಿಸಲಿಲ್ಲ ಅಂತಾಗುತ್ತೆ."

"ಆಗ್ಲಿ ಬಿಡು, ನೀನು ಬಚಾವ್ ಆಗ್ತೀಯಲ್ಲ."

"ಹಾಗಾದ್ರೆ ಮೂವತ್ತೊಂದು ವರ್ಷ ನಾನು ಅಲ್ಲಿ ಏನು ಮಾಡ್ತಿದ್ದೆ?"

ತಪ್ಪಿಲ್ಲ ಅನ್ನಿಸಿಕೊಳ್ಳಬೇಕಾದರೆ ಕೆಲಸವನ್ನೇ ಬಿಟ್ಟುಕೊಡಬೇಕು, ಕೆಲಸ ನನ್ನದು ಅಂದರೆ ತಪ್ಪನ್ನು ಹೊರಬೇಕು. ಆ ಮನುಷ್ಯ ಹೂಡಿದ ಆಟ ಹಾಗಿತ್ತು, ಬೇಕೆಂದು ಹೂಡಿದನೋ ತಾನಾಗಿ ಕೂಡಿಬಂತೋ ಗೊತ್ತಿಲ್ಲ. ಅಕ್ಕ ನೀರು ಕುಡಿದು, ಸೆರಗು ಸರಿಮಾಡಿಕೊಂಡು ಹೊರಟಳು.

ಸಮಿತಿಯ ಮುಂದೆ ಏನಾಯಿತೆಂದು ನನಗೆ ಹೇಳಿದ್ದು ಅಲ್ಲಿ ಚಹಾ ಕೊಟ್ಟ ಜವಾನ. ಅಕ್ಕನನ್ನು ಕೇಳಿದರೆ ಎರಡೇ ಮಾತಿನಲ್ಲಿ ಮುಗಿಸುತ್ತಾಳೆ. ಮೂವರು ಕೂತಿದ್ದರು, ಅಧ್ಯಕ್ಷೆ ಹೊರಗಿನಿಂದ ಬಂದ ವಯಸ್ಸಾದ ಹೆಂಗಸು. ಪಕ್ಕದ ಕುರ್ಚಿಯಲ್ಲಿ ಮೊದಲನೆಯವರು.

"ಹನ್ನೆರಡು ಸಾವಿರಾನೂ ಎಣಿಸಿದ್ದು ನಾನೇ" ಅಂದಳಂತೆ ಅಕ್ಕ. "ಎಣಿಕೆ ಸರಿಯಾಗಿದೆ. ಬೇಕಾದ್ರೆ ಈಗಲೇ ಎಣಿಸ್ತೀನಿ."

ಅಧ್ಯಕ್ಷೆ ಪೆಟ್ಟಿಗೆಯಿಂದ ಇಪ್ಪತ್ತು ಗಾಜಿನ ಪಟ್ಟಿ ಆರಿಸಿ, ಮೇಲಿನ ಗುರುತಿಗೆ ಕಾಗದ ಅಂಟಿಸಿ ಕೊಟ್ಟರು. ಅಕ್ಕ ಎಣಿಸುತ್ತ ಹೋದಳು, ಗುಮಾಸ್ತ ಬರೆದುಕೊಂಡ. ಆಮೇಲೆ ಅವಳ ಹಳೇ ಪುಸ್ತಕ ತೆಗೆದು ತಾಳೆ ನೋಡಿದರು. ಇಪ್ಪತ್ತಕ್ಕೆ ಇಪ್ಪತ್ತೂ ಕೂಡಿಬಂದವು. ಪ್ರಬಂಧದಲ್ಲಿ ಮಾತ್ರ ಎಲ್ಲದಕ್ಕೂ ಒಂದು ಕಡಿಮೆ.

"ಈ ಒಂದನ್ನ ಕಳೆದದ್ದು ಯಾರು?" ಅಂದರು ಅಧ್ಯಕ್ಷೆ.

ಅದುವರೆಗೆ ಅಕ್ಕನ ಪುಸ್ತಕ ನೋಡಿ ಎಲ್ಲ ಪ್ರಬಂಧಕ್ಕೂ ಅಂಕಿ ತುಂಬುತ್ತಿದ್ದ ಹಳೇ ಸಹಾಯಕನೊಬ್ಬ ನಿವೃತ್ತನಾಗಿದ್ದ. ಈ ಸಲ ಮೊದಲನೆಯವರೇ ಕೂತು ತುಂಬಿದ್ದರು. "ಸುಳ್ಳುಂಗುರ ಕಳೀಬೇಕಲ್ಲ, ಎಲ್ಲರಿಗೂ ಗೊತ್ತಿರೋದೇ" ಅಂದರು.

"ಅವರು ಮೊದಲೇ ಬಿಟ್ಟು ಎಣಿಸಿದ್ದಾರಲ್ಲ. ನೀವು ಅವರನ್ನ ಕೇಳಲಿಲ್ವಾ?"

"ಅವರನ್ನ ಏನಂತ ಕೇಳೋದು?"

ಅವರು ಅದನ್ನು ಜಂಬದಿಂದ ಹೇಳಲಿಲ್ಲವಂತೆ. ನಿಜಕ್ಕೂ ತಿಳಿಯದವರ ಹಾಗೆ ಕೇಳಿದರಂತೆ. ಜವಾನ ಹೇಳುವಾಗ ನನಗೆ ಎಲ್ಲಕ್ಕಿಂತ ಹೆಚ್ಚು ಅಸಹ್ಯವಾದದ್ದು ಇದೇ. ಏಳು ವರ್ಷ ಹತ್ತು ಹೆಜ್ಜೆ ದೂರದ ಮೇಜಿನಲ್ಲಿ ಕೂತವಳನ್ನು ಒಂದು ಮಾತು ಕೇಳಬಹುದು ಅನ್ನುವುದು ಆ ತಲೆಗೆ ಹೊಳೆದೇ ಇರಲಿಲ್ಲ.

ಅಕ್ಕನ ಮೇಲೆ ತಪ್ಪಿಲ್ಲವೆಂದು ಸಮಿತಿ ಬರೆಯಿತು. ನಾನು ಸಿಹಿ ತಂದೆ, ಅಕ್ಕ ಮುಟ್ಟಲಿಲ್ಲ, ತಿದ್ದುಪಡಿ ಬರಲಿ ಅಂದಳು. ಎರಡು ತಿಂಗಳಿಗೆ ಪತ್ರಿಕೆಯಲ್ಲಿ ತಿದ್ದುಪಡಿ ಬಂತು. ಮಾಹಿತಿ ವರ್ಗಾವಣೆಯಲ್ಲಿ ಉಂಟಾದ ದೋಷವನ್ನು ಸರಿಪಡಿಸಲಾಗಿದೆ, ಸಹಕರಿಸಿದ ತಾಂತ್ರಿಕ ಸಿಬ್ಬಂದಿಗೆ ಕೃತಜ್ಞತೆಗಳು. ಲೇಖಕರ ಸಾಲಿನಲ್ಲಿ ಅದೇ ಹಳೇ ಹೆಸರುಗಳು, ಅದೇ ಮೊದಲನೆಯವರು. ತಪ್ಪು ಹೊರಿಸುವಾಗ ಇನಿಷಿಯಲ್ಲು ಸಮೇತ ಇದ್ದವಳು ತಪ್ಪು ಹೋದ ಮೇಲೆ ಮತ್ತೆ ಸಿಬ್ಬಂದಿಯಾದಳು. ಆ ವಾರವೇ ಅವಳ ನಿವೃತ್ತಿ. ಹಾರ ಹಾಕಿ ಗಡಿಯಾರ ಕೊಟ್ಟು ಕಳಿಸಿದರು.

ನನಗೆ ತಡೆಯಲಾಗಲಿಲ್ಲ. ಚಿತ್ರದ ಕೊನೆಗೆ ಕಪ್ಪು ಪರದೆಯ ಮೇಲೆ ಅಕ್ಕನ ಪೂರ್ತಿ ಹೆಸರು ಕೂರಿಸಿದೆ, ಒಂಟಿಯಾಗಿ, ಐದು ಸೆಕೆಂಡು. ನಾಯಕರಿಗೂ ನಾನು ಅಷ್ಟು ಮುತುವರ್ಜಿಯಿಂದ ಮಾಡಿದವನಲ್ಲ. ಅವಳನ್ನು ಕರೆದು ತೋರಿಸಿದೆ.

"ಚೆನ್ನಾಗಿದೆ. ತೆಗಿ" ಅಂದಳು.

"ಯಾಕೆ?"

"ಇದು ತಮ್ಮ ಕೊಟ್ಟಿದ್ದು ಕಣೋ. ನನಗೆ ಅವರು ಕೊಡಬೇಕಿತ್ತು." ಕುರ್ಚಿಯಿಂದ ಎದ್ದು, "ನನ್ನ ಕೈಯನ್ನೂ ತೆಗೆಸು" ಅಂದಳು. "ಹೆಸರಿಲ್ಲದ ಮೇಲೆ ಕೈ ಯಾಕೆ ಅವರಿಗೆ? ನಾನು ಒಪ್ಪಿಗೆ ಬರೆದುಕೊಟ್ಟಿಲ್ಲ."

ಒಪ್ಪಿಗೆ ಇಲ್ಲವೆಂದು ಚಿತ್ರದವರಿಗೆ ಕಾಗದವನ್ನೇ ಬರೆದಳು. ಅವರಿಗೆ ತಲೆಬಿಸಿ, ಪ್ರದರ್ಶನಕ್ಕೆ ನಾಲ್ಕು ದಿನವಿತ್ತು. ಕೊನೆಗೆ ಮೊದಲನೆಯವರನ್ನೇ ಮೈಕ್ರೋಸ್ಕೋಪಿನ ಮುಂದೆ ಕೂರಿಸಿ ಹೊಸದಾಗಿ ತೆಗೆದು ಆ ಜಾಗಕ್ಕೆ ಸೇರಿಸಿದರು. ನಾನು ನೋಡಿದೆ, ನನಗೇನೂ ಎದ್ದುಕಾಣಲಿಲ್ಲ. ಅದರ ಬೆನ್ನಿಗೇ, ಅವರ ಕಚೇರಿಯಿಂದ ಬಂದ ಚೀಟಿಯಲ್ಲಿದ್ದಂತೆ, ಸಂಶೋಧನೆ ಎಂದು ಅವರ ಹೆಸರನ್ನು ಕೂರಿಸಿದೆ. ಒಂಟಿ ಹೆಸರು, ದಪ್ಪ ಅಕ್ಷರ, ಆರು ಸೆಕೆಂಡು. ಹಲ್ಲು ಕಚ್ಚಿಕೊಂಡು ಮಾಡಿದೆ.

ಪ್ರದರ್ಶನ ಬೆಳಿಗ್ಗೆ ಹನ್ನೊಂದಕ್ಕೆ, ಸಂಶೋಧನಾಲಯದ ಸಭಾಂಗಣದಲ್ಲಿ. ಮುಂದಿನ ಸಾಲುಗಳಲ್ಲಿ ದೊಡ್ಡವರು. ಹಿಂದಿನ ನಾಲ್ಕು ಸಾಲಿನಲ್ಲಿ ಸಹಾಯಕರು, ಗಾಜು ತೊಳೆಯುವವರು, ದೋಣಿಯವರು, ನಿವೃತ್ತರು. ಅಕ್ಕ ಬರುವುದಿಲ್ಲವೆಂದುಕೊಂಡಿದ್ದೆ, ಹೊಸ ಸೀರೆ ಉಟ್ಟು ಬಂದಳು.

ಆ ದೃಶ್ಯ ಬಂತು. ಮೊದಲನೆಯವರು ಹುಬ್ಬು ಗಂಟಿಕ್ಕಿ, ಕಣ್ಣನ್ನು ಮೈಕ್ರೋಸ್ಕೋಪಿಗೆ ಒತ್ತಿ, ತಿರುಪು ತಿರುಗಿಸುತ್ತಿದ್ದರು. ಒಂದೊಂದನ್ನೂ ನಾನೇ ಎಣಿಸಿದೆ, ಎಂದು ಅವರ ದನಿ ಹೇಳುತ್ತಿತ್ತು. ಹಿಂದಿನ ಸಾಲಿನಲ್ಲಿ ಗಾಜು ತೊಳೆಯುವ ಹೆಂಗಸು ಕಿಸಕ್ಕೆಂದಳು. ಅವಳ ಪಕ್ಕದವನು ಕೆಮ್ಮಿದ ಹಾಗೆ ಮಾಡಿ ನಕ್ಕ. ಬೇರೆಯವರ ಕಣ್ಣನ್ನು ನಾನು ನಂಬೋದಿಲ್ಲ, ಅನ್ನುವ ಹೊತ್ತಿಗೆ ನಾಲ್ಕೂ ಸಾಲು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವು. ಮುಂದಿನ ಸಾಲಿನವರು ತಿರುಗಿ ತಿರುಗಿ ನೋಡಿದರು. ನಿರ್ದೇಶಕರಿಗೆ ಅರ್ಥವಾಗಲಿಲ್ಲ. ಪರದೆ ನೋಡಿಕೊಂಡೇ ಕೂತಿದ್ದ ಮೊದಲನೆಯವರಿಗೂ ಆಗಲಿಲ್ಲ.

"ಏನಾಯ್ತಕ್ಕಾ?" ಅಂದೆ.

"ದೀಪ ಹಾಕಿಲ್ಲ ಕಣೋ" ಅಂದಳು. "ಮೈಕ್ರೋಸ್ಕೋಪಿನ ಕೆಳಗಿನ ದೀಪದ ಸ್ವಿಚ್ಚೇ ಒತ್ತಿಲ್ಲ. ಒಳಗೆ ಬರೀ ಕತ್ತಲು."

ಅಷ್ಟರಲ್ಲಿ ಅವರ ಹೆಸರು ಬಂತು. ದಪ್ಪ ಅಕ್ಷರದಲ್ಲಿ ಒಂಟಿಯಾಗಿ ನಿಂತಿತು. ನಗು ನಿಲ್ಲಲಿಲ್ಲ, ಆ ಹೆಸರಿನ ಮೇಲೇ ಬೀಳುತ್ತಿತ್ತು. ಆರು ಸೆಕೆಂಡೂ ಬಿತ್ತು. ಅಕ್ಕ ನಗಲಿಲ್ಲ, ಗಾಜಿನ ಪಟ್ಟಿ ನೋಡುವಾಗಿನ ಹಾಗೆ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಹೆಸರು ಹೋದ ಮೇಲೆ ನನ್ನ ಕಡೆ ತಿರುಗಿದಳು.

"ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸಬಹುದಿತ್ತು ಕಣೋ."