ಭರಮಣ್ಣನ ಸಿಹಿನೀರಿನ ಮಷೀನು

ಯಾರ ಮನೆಗೆ ಬಂದರೂ ಭರಮಣ್ಣ ಮೊದಲು ಫ್ರಿಜ್ಜಿನ ಹಿಂದೆ ಕೈ ಹಾಕುತ್ತಿದ್ದ. ನಾವೆಲ್ಲ ಬಾಗಿಲು ತೆಗೆದು ತಣ್ಣನೆಯ ಬಾಟಲಿ ಮುಟ್ಟಿ ಹಿಗ್ಗಿದರೆ, ಇವನು ಗೋಡೆ ಕಡೆಯ ಕರಿ ಜಾಳಿಗೆಯನ್ನು ಎಮ್ಮೆಯ ಬೆನ್ನು ಸವರಿದಂತೆ ಸವರಿ, "ಛಲೋ ಬಿಸಿ ಐತಿ ತಂಗಿ, ಚಿಂತಿಲ್ಲ" ಎನ್ನುತ್ತಿದ್ದ. ಕಾಗವಾಡದ ನಮ್ಮ ಕಡೆ ಫ್ರಿಜ್ ರಿಪೇರಿಗೆ ಆಗ ಅವನೊಬ್ಬನೇ. ಕೇಳಿದರೂ ಕೇಳದಿದ್ದರೂ ಒಂದು ಪಾಠ ಕಟ್ಟಿಟ್ಟ ಬುತ್ತಿ: "ತಂಪು ಅನ್ನೂದು ಜಗತ್ತಿನ್ಯಾಗ ಇಲ್ಲೇ ಇಲ್ಲವಾ. ಬಿಸಿ ಇಲ್ಲಿಂದ ಹೊತ್ತು ಅಲ್ಲಿ ಒಗಿಯೂದು, ಅಷ್ಟ. ಎಲ್ಲಿ ಒಗಿತೀವಿ ಅನ್ನೂದರ ಮ್ಯಾಲೆ ನದರ ಇರಬೇಕು."

ನನ್ನ ಮನೆಗೂ ಅವನ ಮನೆಗೂ ನಡುವೆ ಅವನ ಬಾವಿ. ಕಾಲುವೆ ಬಂದು ಕಬ್ಬು ಹೆಚ್ಚಾದ ಮೇಲೆ ನೆಲವೆಲ್ಲ ಸವಳು ಹಿಡಿಯಿತು, ಬಾವಿ ನೀರೂ ಉಪ್ಪಾಯಿತು. ಚಹಾಕ್ಕೆ ಹಾಲು ಹಾಕಿದರೆ ಒಡೆಯುತ್ತಿತ್ತು. ಓಣಿಯವರೆಲ್ಲ ಕುಡಿಯಲು ನಳದ ನೀರಿಗೆ ಹತ್ತಿದೆವು, ಬಾವಿ ಅರಿವೆ ಒಗೆಯಲಷ್ಟೇ ಉಳಿಯಿತು. ಆದರೆ ಭರಮಣ್ಣನ ಹೆಂಡತಿ ಕಮಲಕ್ಕ ಜೈನ ವ್ರತ ಹಿಡಿದವಳು. ಮನೆ ಬಾವಿಯ ನೀರು, ಅದೂ ಅರಿವೆಯಲ್ಲಿ ಸೋಸಿದ್ದು, ಬಿಟ್ಟು ಬೇರೆ ಹನಿ ಬಾಯಿಗೆ ಬಿಡುವವಳಲ್ಲ. ಅವಳ ಮೂತ್ರಪಿಂಡ ಕೆಟ್ಟಿವೆ, ನೀರು ಬದಲಿಸಲೇಬೇಕು ಎಂದು ಮಿರಜದ ಡಾಕ್ಟರು ಹೇಳಿದರು.

"ವ್ರತ ಮುರದು ಎಷ್ಟ ದಿನಾ ಬದುಕ್ಲಿ?" ಎಂದಳು ಕಮಲಕ್ಕ.

"ಮುರಿಬ್ಯಾಡ. ನಿನ್ನ ಬಾವಿ ನೀರನ್ನ ನಾ ಸಿಹಿ ಮಾಡಿ ಕೊಡ್ತೀನಿ," ಎಂದ ಭರಮಣ್ಣ.

ಹಳೆಯ ಫ್ರಿಜ್ಜೊಂದನ್ನು ಬಿಚ್ಚಿ ಅದರ ಬಿಸಿ ಕೊಳವೆಯನ್ನು ಪೀಪಾಯಿಯಲ್ಲಿನ ಉಪ್ಪು ನೀರಿನಲ್ಲಿ ಮುಳುಗಿಸಿದ, ತಂಪು ಕೊಳವೆಯನ್ನು ಮೇಲೆ ತೂಗಿಬಿಟ್ಟ. ಕೆಳಗೆ ಎದ್ದ ಹಬೆ ಮೇಲೆ ತಂಪಿಗೆ ತಾಗಿ ಹನಿಯಾಗಿ ಬೀಳಬೇಕು. ಸಂಜೆಗೆ ಒಂದು ವಾಟಗಾ, ಸಣ್ಣ ಬಟ್ಟಲು, ತುಂಬಿದರೆ ಪುಣ್ಯ! ಕರೆಂಟು ಹೋದರೆ ಅದೂ ಇಲ್ಲ. ಆದರೆ ಬಿಡುವ ಆಸಾಮಿಯೇ ಅವನು? ನೀರು ಬೇಗ ಆವಿಯಾಗಲೆಂದು ಒಳಗೆ ಗೋಣಿಚೀಲ ಇಳಿಬಿಟ್ಟ. ಹೊರಬರುವ ಬಿಸಿ ಉಪ್ಪುನೀರಿನ ಕೊಳವೆಗೆ ಒಳಹೋಗುವ ತಣ್ಣೀರಿನ ಕೊಳವೆಯನ್ನು ಸುತ್ತಿದ. "ಬಿಸಿ ಪುಕ್ಕಟೆ ಹೊರಗ ಹೋಗಬಾರದು" ಎಂದು ಗೊಣಗುತ್ತಿದ್ದ. ಕೊನೆಗೊಂದು ದಿನ ಕೊಡ ತುಂಬಿತು. ಕಮಲಕ್ಕ ಸೋಸಿ ಕುಡಿದು, ತುಟಿ ಒರೆಸಿಕೊಂಡು, "ನಾ ಲಗ್ನಾಗಿ ಬಂದಾಗ ಹಿಂಗ ಇತ್ತರೀ" ಎಂದಳು. ಭರಮಣ್ಣ ಹಿತ್ತಲಿಗೆ ಹೋಗಿ ಅತ್ತದ್ದನ್ನು ನಾನು ಕಂಡೆ.

ಅವರಲ್ಲೊಂದು ಪದ್ಧತಿ. ನೀರು ಸೋಸಿದ ಮೇಲೆ ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು, ಯಾವ ಬಾವಿಯಿಂದ ಬಂದವೋ ಅದೇ ಬಾವಿಗೆ ಮೆಲ್ಲಗೆ ಇಳಿಸಬೇಕು. ಹುಟ್ಟಿದಂದಿನಿಂದ ಕೈಗೆ ಬಂದ ರೂಢಿ. ಪೀಪಾಯಿಯಲ್ಲಿ ಉಳಿದ ಕಹಿ ಉಪ್ಪುನೀರನ್ನೂ ಅವನು ಹಾಗೆಯೇ ದಿನಾಲು ಬಾವಿಗೆ ಇಳಿಸುತ್ತಿದ್ದ. ಹೊರಗೆ ಚೆಲ್ಲಿದರೆ ಇರುವೆ ಸಾಯುತ್ತವೆ ಎಂಬುದು ಬೇರೆ.

ಬೇಸಿಗೆ ಬಂತು, ಬಾವಿಯ ನೀರು ತಳ ಹಿಡಿಯಿತು. ಕೊಡ ತುಂಬುವುದು ನಿಂತು ಅರ್ಧಕ್ಕೆ ಬಂತು, ಆಮೇಲೆ ತಂಬಿಗೆಗೆ. ಕೊಳವೆಯ ಮೇಲೆ ಬಿಳಿ ಹಕ್ಕಳೆ ಕಟ್ಟುತ್ತಿತ್ತು. ಭರಮಣ್ಣ ಕೆರೆದ, ಕೊಳವೆ ಬದಲಿಸಿದ, ಮಿರಜಕ್ಕೆ ಹೋಗಿ ಬೇರೆ ಕಂಪ್ರೆಸರ್ ತಂದ. ತಂಬಿಗೆ ಸಾಲದೆ ಕಮಲಕ್ಕ ಬಾವಿಯ ಹಸಿ ನೀರನ್ನೇ ಸೋಸಿ ಕುಡಿಯತೊಡಗಿದಳು. ಅವಳ ಮುಖ ಊದಿಕೊಂಡಿತು.

ಒಂದು ಮುಂಜಾನೆ ಅರಿವೆ ಒಗೆಯುತ್ತ ನನಗೆ ಸಿಟ್ಟು ನೆತ್ತಿಗೇರಿತು. "ಭರಮಣ್ಣಾ, ಸಬಕಾರ ತಿಕ್ಕಿ ತಿಕ್ಕಿ ಕೈ ಸೋತ್ವು, ನೊರಿನ ಬರವಲ್ದು! ಏನ್ ಹಾಕಾಕತ್ತೀಯೋ ಈ ಬಾವಿಗೆ?"

ಅವನು ಪೀಪಾಯಿಯಲ್ಲಿ ಉಳಿದ ಉಪ್ಪುನೀರಿನ ಕೊಡ ಹಿಡಿದು ಬಾವಿಕಟ್ಟೆಯ ಮೇಲೆ ನಿಂತಿದ್ದ. ಕೊಡ ನೋಡಿದ, ಬಾವಿ ನೋಡಿದ, ಕೊಡವನ್ನು ಕಟ್ಟೆಯ ಮೇಲೆ ಇಳಿಸಿಟ್ಟ.

"ಬಿಸಿ ಎಲ್ಲಿ ಹೊಕ್ಕೈತಿ ಅಂತ ನೋಡಿದೆ ತಂಗಿ. ಉಪ್ಪು ಎಲ್ಲಿ ಹೊಕ್ಕೈತಿ ಅಂತ ನೋಡಲಿಲ್ಲ."

ಅಂದಿನಿಂದ ಉಳಿದ ನೀರನ್ನು ಮಾಳಿಗೆಯ ಮೇಲೆ ಅಗಲ ತಗಡಿನ ಬುಟ್ಟಿಗಳಲ್ಲಿ ಒಣಗಿಸಿದ. ತಡವಾಗಿತ್ತು. ಮಳೆ ಹಿಡಿಯುವ ಮೊದಲೇ ಕಮಲಕ್ಕ ಹೋದಳು. ಎಂಥ ಹೆಣ್ಣುಮಗಳು! ಕಡೆಯ ದಿನವೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಭರಮಣ್ಣ ಬದುಕುತ್ತಿದ್ದನೇನೋ ಎಂದು ನನಗೆ ಈಗಲೂ ಅನಿಸುತ್ತದೆ. ಅವನು ಬಹಳ ದಿನ ಉಳಿಯಲಿಲ್ಲ. ಇಂದು ಆ ಬಾವಿಯ ಮೇಲೆ ಕಲ್ಲುಚಪ್ಪಡಿ ಬಿದ್ದಿದೆ. ನನ್ನ ಫ್ರಿಜ್ಜಿನ ಬೆನ್ನು ಮುಟ್ಟುವವರು ಯಾರೂ ಇಲ್ಲ.

ನಾನು ಅವನನ್ನು ಕೊನೆಯ ಸಲ ಕಂಡದ್ದು ಆ ಮಳೆಗಾಲದಲ್ಲಿ, ಬಾವಿಯ ನೀರು ಏರಿದ ಮೇಲೆ, ಅದೇ ಬಾವಿಕಟ್ಟೆಯ ಮೇಲೆ. ಮಷೀನು ಗುಂಯ್ ಎನ್ನುತ್ತಿತ್ತು, ಕೊಡ ಗಂಟಲಮಟ್ಟ ತುಂಬಿತ್ತು. ಅದಕ್ಕೆ ಹಗ್ಗ ಬಿಗಿದು ಮೆಲ್ಲಗೆ ಬಾವಿಗೆ ಇಳಿಸುತ್ತಿದ್ದ.

"ಅಯ್ಯ, ಅದು ಸಿಹಿ ನೀರೈತಲ್ಲೋ ಅಣ್ಣಾ!" ಎಂದು ಓಡಿಹೋದೆ.

"ಹೌದವಾ. ಉಪ್ಪು ನಾನ ಕೊಟ್ಟೀನಿ, ಇದನ್ನೂ ನಾನ ಕೊಡಬೇಕು."

"ಹಿಂಗ ದಿನಾ ಒಂದು ಕೊಡ ಸುರುವಿದ್ರ ಬಾವಿ ಸಿಹಿ ಆಗತೈತೇನು?"

"ಆಗೂದಿಲ್ಲ," ಎಂದ. ಹಗ್ಗ ಮೇಲೆಳೆದು, ಖಾಲಿ ಕೊಡವನ್ನು ತಂದು ಮತ್ತೆ ಹನಿಯ ಕೆಳಗಿಟ್ಟ.