ಮಗಳಿಗೆ ‘ರಿ’ ಕಲಿಸಿದ್ದು

ಹುಬ್ಬಳ್ಳಿಯ ಡಾಕ್ಟರರು ಚೀಟಿಯಲ್ಲಿ ಬರೆದುಕೊಟ್ಟ ಇಂಗ್ಲಿಷ್ ಶಬ್ದವನ್ನು ರೋಣ ಮುಟ್ಟುವ ತನಕ ಬಸ್ಸಿನಲ್ಲಿ ಎಂಟು ಸಲ ತೆಗೆದು ಓದಿದೆ. ಆಟಿಸಂ. ಕಚೇರಿಯ ಇಂಗ್ಲಿಷ್ ಕಾಗದಗಳ ನಡುವೆಯೇ ತಲೆಗೂದಲು ಉದುರಿಸಿಕೊಂಡ ಗುಮಾಸ್ತ ನಾನು. ಈ ಶಬ್ದ ಮಾತ್ರ ಯಾವ ಕಾಗದದಲ್ಲೂ ಸಿಕ್ಕಿರಲಿಲ್ಲ. ಮನೆಯಲ್ಲಿ ಓದಿ ಹೇಳಿದಾಗ ಹೆಂಡತಿ ಒಲೆಯ ಮುಂದಿನಿಂದಲೇ ಕೇಳಿದಳು.

“ಆಟ ಅಂತ ಬರದಾರೇನ್ರಿ? ಆಟಾ ಆಡಿಸಿದ್ರ ಆರಾಮ ಆಗ್ತಾಳಂತೇನು?”

“ಆಟ ಅಲ್ಲ ಅದು,” ಎಂದೆ.

ಡಾಕ್ಟರರು ಹೇಳಿದ್ದಿಷ್ಟು. ಮಗಳು ಕಿವುಡಿಯಲ್ಲ, ಹುಚ್ಚಿಯೂ ಅಲ್ಲ. ಇದಕ್ಕೆ ಔಷಧವಿಲ್ಲ. ಇಂಥ ಮಕ್ಕಳ ಬಗ್ಗೆ ಪರದೇಶದವರು ಈಚೆಗಷ್ಟೇ ಬರೆಯತೊಡಗಿದ್ದಾರೆ. ನಮ್ಮ ಕಡೆಗೆ ಇವರಿಗೆಂದೇ ಶಾಲೆ ಇಲ್ಲ. ಹೇಗಾದರೂ ಮಾಡಿ ದಿನಾ ಸ್ವಲ್ಪ ಹೊತ್ತು ಬೇರೆ ಮಕ್ಕಳ ನಡುವೆ ಕೂಡಿಸಿರಿ, ಮನೆಯಲ್ಲೇ ಇಟ್ಟರೆ ಇರುವ ನಾಲ್ಕು ಮಾತೂ ಹೋದಾವು.

ಆಗ ಅವಳಿಗೆ ಏಳು ವರ್ಷ. ಬಿಟ್ಟರೆ ಹಿತ್ತಲ ಬಾವಿಯ ಕಟ್ಟೆ ಹತ್ತುತ್ತಿದ್ದಳು. ಅದಕ್ಕೇ ಅಡಿಗೆಯ ಹೊತ್ತಿನಲ್ಲಿ ಹೆಂಡತಿ ಅವಳ ನಡುವಿಗೆ ನನ್ನ ಹಳೆಯ ಧೋತರ ಸುತ್ತಿ ಪಡಸಾಲೆಯ ಕಂಬಕ್ಕೆ ಕಟ್ಟುತ್ತಿದ್ದಳು. ಆ ಗಂಟು ಹಾಕಲು ಕಲಿಸಿದವನು ನಾನು. ಬಿಗಿಯಾಯಿತೇನೋ ಎಂದು ಮೂರು ಮೂರು ಸಲ ಬೆರಳು ತೂರಿಸಿ ನೋಡುತ್ತಿದ್ದವನೂ ನಾನೇ. ಯಾವ ಶಾಲೆಯೂ ಒಳಗೆ ಬಿಟ್ಟುಕೊಳ್ಳದಿದ್ದರೆ ಆ ಕಂಬವೇ ಅವಳಿಗೆ ಗತಿ.

ಅವಳು ನಮ್ಮ ಮಾತನ್ನೇ ತಿರುಗಿ ಹೇಳುವಳು. ನೀರಡಿಸಿದರೆ “ನೀರು ಕುಡೀತಿ ಏನ?” ಎನ್ನುವಳು, ನಾವು ಅವಳನ್ನು ಹಾಗೆ ಕೇಳುತ್ತಿದ್ದೆವಲ್ಲ. ರೋಣದ ಶಾಲೆಯಲ್ಲಿ ಹೆಡ್ ಮಾಸ್ತರರ ಮೇಜಿನ ಮುಂದೆ ನಿಂತಾಗಲೇ ಅವಳಿಗೆ ನೀರಡಿಸಬೇಕೆ? ಅವರ ತಲೆಯ ರುಮಾಲನ್ನೇ ನೋಡುತ್ತ, “ನೀರು ಕುಡೀತಿ ಏನ?” ಎಂದಳು.

“ಏಕವಚನ,” ಎಂದರು ಹೆಡ್ ಮಾಸ್ತರರು. “ಕಲೆಕ್ಟರ್ ಸಾಹೇಬ್ರೂ ನನಗ ಏಕವಚನದಾಗ ಮಾತಾಡಿಸಿಲ್ಲ.”

“ತನಗ ನೀರು ಬೇಕು ಅಂದಳ್ರಿ ಆಕಿ.”

“ನಾ ಏನು ಕಿವುಡಾ ಏನ್ರಿ? ಮದ್ಲ ಮನ್ಯಾಗ ರೀತಿ ಕಲಸ್ರಿ.”

ನರಗುಂದದಲ್ಲಿ ನನ್ನ ಅಕ್ಕನ ಮನೆ ಇತ್ತು. ಅಲ್ಲಿಯ ಶಾಲೆಯಲ್ಲಿ, ಮಗಳು ಬಾಯಿ ತೆರೆಯುವ ಮೊದಲೇ ಚೀಟಿ ಮುಂದೆ ಹಿಡಿದೆ. ಮಾಸ್ತರರು ಅದನ್ನು ದೂರ ಹಿಡಿದು ಓದಿದರು, ಮೇಜಿನ ಅಂಚಿಗೆ ಇಟ್ಟರು, ಆಮೇಲೆ ಕೈಯನ್ನು ಧೋತರಕ್ಕೆ ಒರೆಸಿಕೊಂಡರು.

“ಅಂಟೂ ಜಡ್ಡ ಅಲ್ಲ ಹೌದಲ್ರಿ?”

“ಅಲ್ರಿ.”

“ಅಲ್ಲ ಅಂತ ಇದರಾಗ ಬರದಿಲ್ಲಲ್ಲ.”

ಅರ್ಜಿ ತಿರಸ್ಕಾರವಾದರೆ ತಪ್ಪು ತಿದ್ದಿ ಇನ್ನೊಂದು ಹಾಕುವುದು, ಇಷ್ಟೇ ನನ್ನ ವಿದ್ಯೆ. ಹಾಗೆಯೇ ತಿದ್ದಿದೆ. ಚೀಟಿಯನ್ನು ಅಡಗಿಸುವುದು, ಮಗಳಿಗೆ ‘ರಿ’ ಕಲಿಸುವುದು. ಅವಳು ಏನಾದರೂ ಅಂದ ಕೂಡಲೇ ನಾನು “ರಿ” ಎನ್ನುವೆ, ಅವಳು “ರಿ” ಎನ್ನುವಳು, ಒಂದು ಚೂರು ಬೆಲ್ಲ. ತಿಂಗಳೊಪ್ಪತ್ತಿನಲ್ಲಿ ಬೆಲ್ಲವಿಲ್ಲದೆಯೂ ‘ರಿ’ ಬರತೊಡಗಿತು. “ಆಕಿ ಕಲ್ತಳೋ ಬಿಟ್ಟಳೋ, ನೀವಂತೂ ಬೆಕ್ಕಿಗೂ ರಿ ಅನ್ನಾಕತ್ತೀರಿ,” ಎಂದಳು ಹೆಂಡತಿ.

ಉಳಿದದ್ದು ಗಜೇಂದ್ರಗಡ ಒಂದೇ. ಅದು ಹೆಂಡತಿಯ ತವರು; ತಾಯಿ ಮಗಳು ಅಲ್ಲೇ ಉಳಿಯಬಹುದಾಗಿತ್ತು. ಮನೆಯ ಸಮೀಪ ಹೆಣ್ಣುಮಕ್ಕಳ ಶಾಲೆ, ಕಲಿಸುವವರು ಒಬ್ಬರೇ ಹಿರಿಯ ಅಕ್ಕೋರು. ನಾವು ಹೋದಾಗ ಮೂವತ್ತು ಹುಡುಗಿಯರು ಚಾಪೆಯ ಮೇಲೆ ಕೂತು ಪಾಟಿಯಲ್ಲಿ ಮಗ್ಗಿ ಬರೆಯುತ್ತಿದ್ದರು.

“ಏನ ಹೆಸರು ನಿಂದು?” ಎಂದು ಅಕ್ಕೋರು ಮಗಳನ್ನು ಕೇಳಿದರು.

ಮಗಳು ಕಿಡಕಿಯ ಸರಳು ನೋಡುತ್ತ, ಕಲಿಸಿದ ಹಾಗೆಯೇ, ಗಟ್ಟಿ ದನಿಯಲ್ಲಿ ಹೇಳಿದಳು: “ಏನ ಹೆಸರು ನಿಂದ್ರಿ?”

ನಮ್ಮ ಕಡೆ ‘ನಿಂದ್ರಿ’ ಎಂದರೆ ಎದ್ದು ನಿಲ್ಲಿರಿ ಎಂದೂ ಆಗುತ್ತದೆ. ಆ ಕೊನೆಯ ಶಬ್ದವಷ್ಟೇ ಕಿವಿಗೆ ಬಿದ್ದು, ಮೂವತ್ತೂ ಹುಡುಗಿಯರು ಪಾಟಿ ಕೆಳಗಿಟ್ಟು ಎದ್ದು ನಿಂತರು.

ನಾನು ಬಾಗಿಲ ಕಡೆ ಓಡುವುದರಲ್ಲಿದ್ದೆ. ಮಗಳು ಮಾತ್ರ ಸರಳಿನಿಂದ ಕಣ್ಣು ಕಿತ್ತು ಆ ಹುಡುಗಿಯರನ್ನು ನೋಡಿದಳು. ಇದನ್ನು ಅಕ್ಕೋರೂ ಕಂಡರು.

“ಮೂವತ್ತು ವರ್ಷದಾಗ ನಾ ಹೇಳಿದ್ರ ಇಷ್ಟು ಲಗೂ ಎದ್ದಿಲ್ಲ ಯಾವ ಹುಡುಗ್ಯಾರೂ,” ಎಂದರು. ಹುಡುಗಿಯರಿಗೆ, “ಕೂಡ್ರಿ.” ಮತ್ತೆ ನನಗೆ: “ಬಂದಾಗಿಂದ ಕಿಸೆ ಮುಟ್ಟಿ ಮುಟ್ಟಿ ನೋಡ್ಕೋತೀರಿ. ಏನೈತಿ ಅದರಾಗ?”

ಚೀಟಿ ಕೊಟ್ಟೆ. ಅವರು ಬಿಚ್ಚಿ ನೋಡಿ ಮರಳಿಸಿದರು. “ನನಗ ಇಂಗ್ಲಿಷ್ ಬರೂದಿಲ್ಲ. ನೀವ ಹೇಳ್ರಿ.”

ಚೀಟಿಯಲ್ಲಿ ಇದ್ದದ್ದನ್ನು ಹೇಳಿದೆ. ಇಲ್ಲದ್ದೂ ಬಾಯಿಗೆ ಬಂತು: ಬಾವಿ, ಧೋತರ, ಕಂಬ. ರೋಣ, ನರಗುಂದ. ಕೊನೆಗೆ ಬೆಲ್ಲ. ಕೇಳಿಸಿಕೊಂಡು ಅವರು ಒಂದೇ ಮಾತು ಕೇಳಿದರು. “ಇಕಿ ಯಾವುದಕ್ಕ ಅಂಜತಾಳ?”

ಅಲ್ಲಿಯ ತನಕ ಎಲ್ಲರೂ ಅವಳಿಗೆ ಏನು ಬರುವುದಿಲ್ಲ ಎಂದೇ ಕೇಳಿದ್ದರು. “ಗಂಟಿ ಸಪ್ಪಳಕ್ಕರಿ. ಕಿವಿ ಮುಚ್ಚಿಕೊಂಡು ಓಡಿಬಿಡ್ತಾಳ.”

“ಹಂಗಾರ ಮುಂಜಾನಿ ಗಂಟಿ ಆದಮ್ಯಾಲ ಬರ್ಲಿ, ಮಧ್ಯಾಹ್ನದ ಗಂಟಿಕಿಂತ ಮದ್ಲ ಹೋಗ್ಲಿ. ಹಾಜರಿ ಪುಸ್ತಕದಾಗ ಹೆಸರು ಹಚ್ಚಂಗಿಲ್ಲ, ಮ್ಯಾಲಿನವರು ಕೇಳ್ತಾರ. ಸುಮ್ನ ಬಂದು ಕೂಡ್ಲಿ, ಒಂದು ವಾರ ನೋಡೂಣು. ನನ್ನ ಕೈಲೆ ಆಗಲಿಲ್ಲಂದ್ರ ಖರೇ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.”

ಮರುದಿನ ಅವಳನ್ನು ಬಾಗಿಲ ಬಳಿಯ ಚಾಪೆಯ ಮೇಲೆ ಕೂಡಿಸಿ ಹೊರಗೆ ಬಂದು ಕಿಡಕಿಯ ಹತ್ತಿರ ನಿಂತೆ. ಅಕ್ಕೋರು ಹೊರಗೆ ಬಂದರು.

“ನಿಮ್ಮನ್ನೂ ಸಣ್ಣ ಮಕ್ಕಳ ಬಿನ್ನೆತ್ತಿಗೆ ಸೇರಿಸ್ಕೋಬೇಕೇನ್ರಿ? ಇಲ್ಲಂದ್ರ ನಡೀರಿ. ಆಕಿನ್ನ ತಡೀಲಾರದಂಗ ಆದ್ರ ಬಸ್ ನಿಲ್ಲೂ ಕಟ್ಟಿ ತನಕ ಒಂದು ಹುಡುಗೀನ ಕಳಿಸ್ತೀನಿ.”

ಮಗಳನ್ನು ಮಧ್ಯಾಹ್ನ ಕರೆದೊಯ್ಯಲು ಹೆಂಡತಿ ತವರಲ್ಲಿದ್ದಳು, ನಾನು ಕಚೇರಿಗೆ ಮರಳಬೇಕಿತ್ತು. ಕಟ್ಟೆಗೆ ಬರುವಷ್ಟರಲ್ಲಿ ರೋಣದ ಬಸ್ಸು ಹೋಗಿತ್ತು. ಇನ್ನೊಂದಕ್ಕೆ ಎರಡು ತಾಸು. ಶಾಲೆಯ ಓಣಿ ಕಾಣುವ ಹಾಗೆ ಕೂತೆ. ಓಣಿಯಿಂದ ನೇಕಾರನೊಬ್ಬ ನೂಲಿನ ಗಂಟು ಹೊತ್ತು ಬಂದ. ಕೊಡ ಹೊತ್ತ ಮುದುಕಿ ಬಂದಳು. ಪಾಟಿ ಹಿಡಿದ ಹುಡುಗಿಯೊಬ್ಬಳು ಓಡುತ್ತ ಬಂದಾಗ ನಾನು ಎದ್ದು ನಿಂತೆ. ಅವಳು ನನ್ನನ್ನು ದಾಟಿ ತನ್ನ ಮನೆಯ ಕಡೆ ಹೋದಳು. ಮತ್ತೆ ಕೂತೆ. ಬಸ್ಸು ಬರುವ ತನಕ ನನ್ನನ್ನು ಕರೆಯಲು ಯಾರೂ ಬರಲಿಲ್ಲ. ಹತ್ತದೆ ಓಣಿ ನೋಡುತ್ತಲೇ ನಿಂತಿದ್ದಕ್ಕೆ ಕಂಡಕ್ಟರನ ಕೈಲಿ ಬೈಸಿಕೊಂಡು, ಹತ್ತಿ ಕೂತೆ.